ತಪ್ಪು ಉಗುರಿನದೊ, ಮಾಂಸದ್ದೊ?

ಕಾಲಿನ ಹೆಬ್ಬೆರಳಿನ ಮೂಲೆಯಲ್ಲಿ ಶುರುವಾಗುವ ಆ ನೋವಿಗೆ ಕನ್ನಡದಲ್ಲಿ ನೆಟ್ಟಗೆ ಒಂದು ಹೆಸರಿಲ್ಲ. ‘ಉಗುರು ಮಾಂಸದೊಳಗೆ ಹೋಗಿದೆ’ ಎನ್ನುತ್ತಾರೆ, ‘ಉಗುರು ಒಳಗೆ ಬೆಳೆದಿದೆ’ ಎನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಅದನ್ನೂ ಉಗುರುಸುತ್ತಿನ ಲೆಕ್ಕಕ್ಕೇ ಸೇರಿಸಿ, ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಟೋಪಿಯ ಹಾಗೆ ತೊಡಿಸುವುದುಂಟು. ಉಗುರುಸುತ್ತು ಬೇರೆ. ಅದರಲ್ಲಿ ಉಗುರಿನ ಸುತ್ತಲ ಚರ್ಮಕ್ಕೆ ಸೋಂಕು ತಗುಲಿ ಕೀವು ಕಟ್ಟುತ್ತದೆ, ಹೆಚ್ಚಾಗಿ ಕೈಬೆರಳಿಗೆ. ಇಲ್ಲಿ ಉಗುರಿನ ಅಂಚು ಪಕ್ಕದ ಚರ್ಮದ ಮಡಿಕೆಯನ್ನು ಒತ್ತಿ ಒತ್ತಿ ಕೊನೆಗೆ ಚುಚ್ಚಿಕೊಂಡು ಒಳಹೋಗುತ್ತದೆ. ಸೋಂಕು ಆಮೇಲೆ ಕರೆಯದೆ ಬಂದು ಕೂರುವ ನೆಂಟ.

ಹೆಸರಿನ ಮಾತು ಸುಮ್ಮನೆ ಎತ್ತಿದ್ದಲ್ಲ. ‘ಉಗುರು ಒಳಗೆ ಹೋಗಿದೆ’ ಎಂದ ಕ್ಷಣವೇ ಅಪರಾಧಿ ಯಾರೆಂದು ತೀರ್ಮಾನ ಆಗಿಬಿಡುತ್ತದೆ. ವೈದ್ಯರ ಲ್ಯಾಟಿನ್ ಹೆಸರಿನಲ್ಲೂ ‘ಮಾಂಸ ಹೊಕ್ಕ ಉಗುರು’ ಎಂಬ ಅರ್ಥವೇ ಇದೆ. ಉಗುರೇ ಒಳಗೆ ನುಗ್ಗಿತೊ, ಮಾಂಸವೇ ಉಬ್ಬಿ ಉಗುರಿನ ಮೇಲೆ ಏರಿತೊ ಎಂಬ ಪ್ರಶ್ನೆಯನ್ನು ಗಂಭೀರವಾಗಿ ಕೇಳಲು ಬಹಳ ಕಾಲ ಹಿಡಿಯಿತು. ಉತ್ತರ ಯಾವುದಾಗುತ್ತದೋ ಅದರ ಮೇಲೆ ಸರ್ಜನ್ನರ ಕತ್ತಿ ಎಲ್ಲಿ ಬೀಳಬೇಕು ಎಂಬುದು ನಿಂತಿದೆ.

ನನಗೆ ಈ ಪ್ರಶ್ನೆ ಕಾಲಿನಿಂದಲೇ ಹುಟ್ಟಿದ್ದು. ಪಿಯುಸಿ ಓದುವಾಗ ಬಲಗಾಲಿನ ಹೆಬ್ಬೆರಳ ಉಗುರನ್ನು ಒಬ್ಬ ವೈದ್ಯರು ಪೂರ್ತಿ ಕಿತ್ತು, ‘ಇನ್ನು ತೊಂದರೆ ಇಲ್ಲ’ ಎಂದು ಕಳಿಸಿದರು. ಒಂದೂವರೆ ವರ್ಷದಲ್ಲಿ ಹೊಸ ಉಗುರು ತುದಿ ಮುಟ್ಟಿತು. ಹಳೆಯ ನೋವೂ ಅದರ ಜತೆಗೇ ಬಂದು ಹಳೆಯ ಜಾಗದಲ್ಲೇ ಕೂತಿತು.

ಹೆಬ್ಬೆರಳೇ ಏಕೆ

ಉಗುರು ಸತ್ತ ವಸ್ತು, ಕೆರಾಟಿನ್ ಎಂಬ ಪ್ರೋಟೀನಿನ ಹಾಳೆ. ಅದನ್ನು ತಯಾರಿಸುವ ಜೀವಂತ ಭಾಗ ಬುಡದ ಚರ್ಮದ ಕೆಳಗೆ ಅಡಗಿದೆ. ವೈದ್ಯರು ಅದನ್ನು ಮೇಟ್ರಿಕ್ಸ್ ಎನ್ನುತ್ತಾರೆ, ನಾವು ಉಗುರಿನ ಬೇರು ಎನ್ನೋಣ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದರೆ ಕಾಲುಗುರು ಅದರ ಅರ್ಧದಷ್ಟು. ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ಬೇರು ಇರುವವರೆಗೆ ಉಗುರು ಬರುತ್ತಲೇ ಇರುತ್ತದೆ. ಕಿತ್ತರೂ ಬರುತ್ತದೆ, ಕತ್ತರಿಸಿದರೂ ಬರುತ್ತದೆ.

ನಡೆಯುವಾಗ ಹೆಜ್ಜೆಯ ಕೊನೆಯ ನೂಕು ಹೆಬ್ಬೆರಳಿನಿಂದ ಬರುತ್ತದೆ. ಆಗ ನೆಲ ಬೆರಳಿನ ಮಾಂಸವನ್ನು ಕೆಳಗಿನಿಂದ ಮೇಲಕ್ಕೂ ಪಕ್ಕಕ್ಕೂ ಒತ್ತುತ್ತದೆ, ಮೇಲಿನಿಂದ ಬೂಟು ಒತ್ತುತ್ತದೆ, ಬದಿಯಿಂದ ಎರಡನೆಯ ಬೆರಳು ಒತ್ತುತ್ತದೆ. ಇದೆಲ್ಲದರ ನಡುವೆ ಉಗುರನ್ನು ತೀರ ಒತ್ತಿ ಕತ್ತರಿಸಿ ಮೂಲೆಯಲ್ಲಿ ಕಣ್ಣಿಗೆ ಕಾಣದ ಒಂದು ಚೂಪು ಚೂರು ಉಳಿಸಿದರೆ, ಬೆಳೆಯುತ್ತ ಅದು ಮುಳ್ಳಿನ ಕೆಲಸ ಮಾಡುತ್ತದೆ. ಶರೀರಕ್ಕೆ ತನ್ನದೇ ಉಗುರೂ ಮಾಂಸದೊಳಗೆ ಬಂದಾಗ ಹೊರಗಿನ ವಸ್ತು. ಬಾವು ಬರುತ್ತದೆ. ಬಾವು ಬಂದ ಚರ್ಮ ಇನ್ನಷ್ಟು ಉಗುರಿನ ಮೇಲೆ ವಾಲುತ್ತದೆ, ವಾಲಿದಷ್ಟೂ ಚುಚ್ಚುತ್ತದೆ.

1937ರಲ್ಲಿ ಅಮೆರಿಕದ ಸರ್ಜನ್ ಹೈಫೆಟ್ಜ್ ಈ ಕಾಯಿಲೆಗೆ ಮೂರು ಹಂತ ಗುರುತಿಸಿದರು. ಮೊದಲು ಕೆಂಪು, ಊತ, ನೋವು. ಆಮೇಲೆ ಕೀವು, ರಸಿಕೆ. ಕೊನೆಗೆ ನಮ್ಮ ಕಡೆ ದುರ್ಮಾಂಸ ಎನ್ನುವ, ಮುಟ್ಟಿದರೆ ರಕ್ತ ಒಸರುವ ಕೆಂಪು ಮಾಂಸ, ಮತ್ತು ಅದರ ಸುತ್ತ ದಪ್ಪವಾಗಿ ಉಳಿದುಬಿಡುವ ಮಡಿಕೆ. ಇವತ್ತಿಗೂ ವೈದ್ಯರು ಬಹುಮಟ್ಟಿಗೆ ಈ ಅಳತೆಗೋಲನ್ನೇ ಹಿಡಿಯುತ್ತಾರೆ. ರೋಗ ಎಷ್ಟು ಮುಂದುವರಿದಿದೆ ಎಂದು ಇದು ಹೇಳುತ್ತದೆ. ಶುರುವಾದದ್ದು ಎಲ್ಲಿಂದ ಎಂದು ಹೇಳುವುದಿಲ್ಲ.

ಬೆಂಕಿ, ಕತ್ತರಿ, ಮತ್ತು ಕೊಡಲಿ

ಸುಶ್ರುತ ಸಂಹಿತೆಯ ಕ್ಷುದ್ರರೋಗಗಳ ಪಟ್ಟಿಯಲ್ಲಿ ಉಗುರಿನ ಎರಡು ಕಾಯಿಲೆ ಬರುತ್ತವೆ. ಪೆಟ್ಟು ಬಿದ್ದು ಉಗುರು ಕಪ್ಪಾಗಿ ಒರಟಾಗುವುದು ಕುನಖ. ಉಗುರಿನ ಮಾಂಸದಲ್ಲಿ ವಾತ ಪಿತ್ತ ಸೇರಿ ಉರಿ, ನೋವು, ಕೀವು ತರುವುದು ಚಿಪ್ಪ. ಚಿಪ್ಪ ನಮ್ಮ ಉಗುರುಸುತ್ತಿಗೇ ಹೆಚ್ಚು ಹತ್ತಿರ. ಆದರೆ ಅದರ ಚಿಕಿತ್ಸೆಯ ಕ್ರಮ ಗಮನಿಸುವಂಥದು. ಬಿಸಿನೀರು ಹಾಕಿ, ಕೊಯ್ದು ಸೋರಿಸಿ, ಎಣ್ಣೆ ಸವರಿ, ಸರ್ಜ ಮರದ ರಾಳದ ಪುಡಿ ಉದುರಿಸಿ ಕಟ್ಟಬೇಕು. ಅದಕ್ಕೂ ಬಗ್ಗದಿದ್ದರೆ ಬೆಂಕಿಯಿಂದ ಸುಡಬೇಕು. ಹತ್ತನೆಯ ಶತಮಾನದ ಕೊರ್ಡೋಬಾದ ಅಲ್-ಜಹ್ರಾವಿಯೂ ಉಗುರಿನ ಬಳಿ ಬೆಳೆದ ಮಾಂಸವನ್ನು ಕತ್ತರಿಸಿ ಸುಡುವುದನ್ನೇ ಹೇಳಿದ. ಈ ಹಳಬರ ಕಣ್ಣು ಮಾಂಸದ ಮೇಲಿತ್ತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡಿರೋಣ.

ಉಗುರಿನ ಮೇಲೆ ಕೈ ಹಾಕಿ ಹೆಸರಾದವರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ಯಾರಿಸ್ಸಿನ ಓಟೆಲ್-ಡ್ಯೂ ಆಸ್ಪತ್ರೆಯಲ್ಲಿದ್ದ ದ್ಯುಪುಯಿತ್ರಾನ್. ಕತ್ತರಿಯ ಒಂದು ಅಲಗನ್ನು ಉಗುರಿನ ಕೆಳಗೆ ಬುಡದವರೆಗೂ ತೂರಿಸಿ, ಒಂದೇ ಏಟಿಗೆ ಎರಡು ಹೋಳು ಮಾಡಿ, ಕೆಟ್ಟ ಹೋಳನ್ನು ಚಿಮಟದಲ್ಲಿ ಕಿತ್ತೆಳೆಯುತ್ತಿದ್ದರು. ಈಥರ್ ಅರಿವಳಿಕೆ ಬಂದದ್ದು 1846ರಲ್ಲಿ. ದ್ಯುಪುಯಿತ್ರಾನ್ ತೀರಿಕೊಂಡದ್ದು 1835ರಲ್ಲಿ. ಮಿಕ್ಕದ್ದನ್ನು ಓದುಗರು ಊಹಿಸಿಕೊಳ್ಳಬಹುದು.

ಆಮೇಲಿನ ನೂರು ವರ್ಷ ಕತ್ತಿ ಆಳಕ್ಕಿಳಿಯಿತು. ಯುರೋಪಿನಲ್ಲಿ ಎಮರ್ಟ್ ಅವರ ಹೆಸರಿನಲ್ಲಿ, ಅಮೆರಿಕದಲ್ಲಿ 1929ರ ವಿನೋಗ್ರಾಡ್ ಅವರ ಹೆಸರಿನಲ್ಲಿ ಒಂದು ಕ್ರಮ ನೆಲೆಯೂರಿತು. ಉಗುರಿನ ಅಂಚು, ಅದರ ಬೇರು, ಪಕ್ಕದ ಮಾಂಸ ಎಲ್ಲವನ್ನೂ ಕಲ್ಲಂಗಡಿಯ ಹೋಳಿನಂತೆ ಒಟ್ಟಿಗೆ ಕೊಯ್ದು ತೆಗೆಯುವುದು. 1950ರಲ್ಲಿ ಇಂಗ್ಲೆಂಡಿನ ಜ಼ಾಡಿಕ್ ಇಡೀ ಬೇರನ್ನೇ ತೆಗೆದು, ಉಗುರೇ ಬಾರದಂತೆ ಮಾಡುವ ವಿಧಾನ ಪ್ರಕಟಿಸಿದರು. ಮರುವರ್ಷ ಅಮೆರಿಕದಲ್ಲಿ ಥಾಂಪ್ಸನ್ ಮತ್ತು ಟರ್ವಿಲಿಗರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೆರಳ ತುದಿಯ ಮೂಳೆಯನ್ನೂ ಒಂದಿಷ್ಟು ಕತ್ತರಿಸಿ, ಕೆಳಗಿನ ಚರ್ಮವನ್ನು ಮೇಲಕ್ಕೆ ಮಡಿಸಿ ಹೊಲಿಯುವ ಶಸ್ತ್ರಚಿಕಿತ್ಸೆಯನ್ನು ಮುಂದಿಟ್ಟರು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂಬ ಗಾದೆ ಅವರ ಭಾಷೆಯಲ್ಲಿ ಇರಲಿಲ್ಲವೇನೊ. ಆದರೂ ಅನ್ಯಾಯವಾಗಿ ಮಾತಾಡಬಾರದು. ರೋಗ ಪದೇ ಪದೇ ಮರುಕಳಿಸಿ ಕಾಡುವವರಿಗೆ ಕೊನೆಯ ಉಪಾಯವಾಗಿ ಅದು ಕೆಲಸಕ್ಕೆ ಬಂದದ್ದುಂಟು.

ಉಗುರೇ ಅಪರಾಧಿ ಎನ್ನುವವರು

ಈ ಪಕ್ಷದ ವಾದ ಸರಳ. ಉಗುರು ತೀರ ಅಗಲವಾಗಿದೆ, ಅಥವಾ ಅದರ ಅಂಚು ಹೆಚ್ಚು ಬಾಗಿದೆ. ಅಂಚಿನ ಪಟ್ಟಿಯನ್ನೂ ಅದರ ಬೇರನ್ನೂ ಇಲ್ಲವಾಗಿಸಿದರೆ ರೋಗವೂ ಇಲ್ಲ. ಈ ವಾದಕ್ಕೆ ದೊಡ್ಡ ಗೆಲುವು ತಂದುಕೊಟ್ಟದ್ದು ಒಂದು ರಾಸಾಯನಿಕ.

1865ರಲ್ಲಿ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಗಾಯ ಕೊಳೆಯದಂತೆ ಬಳಸಿದ್ದ ಕಾರ್ಬಾಲಿಕ್ ಆಮ್ಲವೇ ಫೀನಾಲ್. ಹೆಸರು ಹತ್ತಿರವಿದ್ದರೂ ಇದು ನೆಲ ಒರೆಸುವ ಫಿನೈಲ್ ಅಲ್ಲ, ಮನೆಯಲ್ಲಿ ಪ್ರಯೋಗ ಮಾಡುವ ವಸ್ತುವೂ ಅಲ್ಲ. 1945ರಲ್ಲಿ ಅಮೆರಿಕದ ಪಾದಚಿಕಿತ್ಸಕ ಬಾಲ್, ಉಗುರಿನ ಬೇರನ್ನು ಕತ್ತಿಯ ಬದಲು ಫೀನಾಲಿನಿಂದ ಸುಡುವ ವಿಧಾನವನ್ನು ಬರೆದರು. ಇಂದು ಚರ್ಮವೈದ್ಯರ, ಸರ್ಜನ್ನರ ಚಿಕಿತ್ಸಾಲಯಗಳಲ್ಲಿ ಹೆಚ್ಚಾಗಿ ನಡೆಯುವುದು ಇದೇ. ಬೆರಳ ಬುಡದ ಎರಡೂ ಬದಿಗೆ ಅರಿವಳಿಕೆಯ ಸೂಜಿ. ಕೇಳಿದರೆ ಎಲ್ಲರೂ ಹೇಳುವ ನೋವು ಅದೊಂದೇ. ಬುಡಕ್ಕೆ ರಬ್ಬರ್ ಪಟ್ಟಿ ಬಿಗಿದು ರಕ್ತ ತಡೆಯುತ್ತಾರೆ, ಏಕೆಂದರೆ ರಕ್ತ ಸೇರಿದರೆ ಫೀನಾಲಿನ ಬಲ ಕುಗ್ಗುತ್ತದೆ. ಉಗುರಿನ ಅಂಚಿನಿಂದ ಕೆಲವೇ ಮಿಲಿಮೀಟರ್ ಅಗಲದ ಪಟ್ಟಿಯನ್ನು ಬುಡದವರೆಗೂ ಸೀಳಿ ಎಳೆಯುತ್ತಾರೆ. ಹತ್ತಿ ಸುತ್ತಿದ ಕಡ್ಡಿಯನ್ನು ಫೀನಾಲಿನಲ್ಲಿ ಅದ್ದಿ, ಖಾಲಿಯಾದ ಬೇರಿನ ಜಾಗಕ್ಕೆ ಕೆಲವು ನಿಮಿಷ ಉಜ್ಜುತ್ತಾರೆ. ಬೇರು ಬೆಳ್ಳಗಾಗಿ ಸಾಯುತ್ತದೆ. ಜತೆಗೆ ಅಲ್ಲಿನ ನರದ ತುದಿಗಳೂ ಮಂಕಾಗುವುದರಿಂದ ಆಮೇಲಿನ ನೋವು ಕಡಿಮೆ. ಇದಕ್ಕೆ ತೆರುವ ಬೆಲೆ ಎಂದರೆ ಎರಡರಿಂದ ನಾಲ್ಕು ವಾರ ಗಾಯ ಒಸರುತ್ತಿರುತ್ತದೆ. ಅದನ್ನು ಕೀವೆಂದು ಹೆದರಿ ಮತ್ತೆ ಓಡಿ ಬರುವವರು ಬಹಳ. ಉಗುರು ಕೊನೆಯವರೆಗೂ ಒಂದಿಷ್ಟು ಕಿರಿದಾಗಿಯೇ ಉಳಿಯುತ್ತದೆ.

ಎಷ್ಟು ಫಲ? 1991ರಲ್ಲಿ ಬ್ರಿಟನ್ನಿನ ಗ್ರೇಗ್ ಮತ್ತು ಸಂಗಡಿಗರು 163 ರೋಗಿಗಳ ಮೇಲೆ ಮಾಡಿದ ಹೋಲಿಕೆಯಲ್ಲಿ, ಉಗುರನ್ನು ಪೂರ್ತಿ ಕಿತ್ತವರಲ್ಲೂ ಅಂಚನ್ನು ಮಾತ್ರ ಕತ್ತರಿಸಿದವರಲ್ಲೂ ಒಂದು ವರ್ಷದೊಳಗೆ ಶೇ 73ರಷ್ಟು ಜನರಿಗೆ ತೊಂದರೆ ಮರಳಿತು. ಅಂಚು ಕತ್ತರಿಸಿ ಫೀನಾಲ್ ಹಾಕಿದವರಲ್ಲಿ ಮರಳಿದ್ದು ಶೇ 9ರಷ್ಟು ಜನಕ್ಕೆ. ನನ್ನ ಪಿಯುಸಿ ಕಾಲದ ಕಥೆಗೆ ಈ 73 ಎಂಬ ಅಂಕಿಯಲ್ಲಿ ಉತ್ತರ ಸಿಕ್ಕಿತು. ಬೇರನ್ನು ಮುಟ್ಟದೆ ಉಗುರು ಕೀಳುವುದೆಂದರೆ ಕಳೆಯ ಎಲೆ ಕುಯ್ದು ಬಂದ ಹಾಗೆ. ಹೀಗಿದ್ದೂ ಪೂರ್ತಿ ಉಗುರು ಕೀಳುವ ಪದ್ಧತಿ ನಮ್ಮಲ್ಲಿ ಇನ್ನೂ ನಿಂತಿಲ್ಲ ಎನ್ನುವುದು ನನಗೆ ಒಗಟು. 2012ರ ಕಾಕ್ರೇನ್ ಸಮೀಕ್ಷೆ 24 ಅಧ್ಯಯನಗಳನ್ನು ಒಟ್ಟುಗೂಡಿಸಿ ಹೇಳಿದ್ದೂ ಇದನ್ನೇ. ಮರುಕಳಿಕೆ ತಡೆಯಲು ಶಸ್ತ್ರಚಿಕಿತ್ಸೆ ಮೇಲು, ಬರೇ ಕತ್ತರಿಸುವುದಕ್ಕಿಂತ ಫೀನಾಲ್ ಸೇರಿದರೆ ಬಹುಶಃ ಇನ್ನೂ ಮೇಲು. ಫೀನಾಲಿನ ಬದಲು ಸೋಡಿಯಂ ಹೈಡ್ರಾಕ್ಸೈಡ್, ಟ್ರೈಕ್ಲೋರೋಅಸೆಟಿಕ್ ಆಮ್ಲ, ಲೇಸರ್ ಬಳಸುವವರಿದ್ದಾರೆ. ತತ್ವ ಒಂದೇ.

ಮಾಂಸದ ಕಡೆಗೆ ಬೆರಳು ತೋರಿದವರು

1959ರಲ್ಲಿ ಅಮೆರಿಕದ ಸೇನಾ ವೈದ್ಯಕೀಯ ಪತ್ರಿಕೆಯಲ್ಲಿ ವ್ಯಾಂಡನ್‌ಬಾಸ್ ಮತ್ತು ಬವರ್ಸ್ ಎಂಬ ಇಬ್ಬರು ವೈದ್ಯರು ಇಡೀ ವಾದವನ್ನು ತಲೆಕೆಳಗು ಮಾಡಿದರು. ಅವರ ಪ್ರಕಾರ ಉಗುರು ಸಾಮಾನ್ಯವಾಗಿಯೇ ಇದೆ. ಮೈಭಾರ ಬಿದ್ದಾಗ ಪಕ್ಕದ ಮಾಂಸ ಉಬ್ಬಿ ಉಗುರಿನ ಮೇಲೇರುವುದೇ ರೋಗ. ಆದ್ದರಿಂದ ಉಗುರಿಗೆ ಕೈ ಹಚ್ಚದೆ, ಎರಡೂ ಬದಿಯ ಮಾಂಸವನ್ನು ಧಾರಾಳವಾಗಿ ಕೊಯ್ದು, ಹೊಲಿಗೆ ಹಾಕದೆ, ಗಾಯ ತಾನಾಗಿ ತುಂಬಿಕೊಳ್ಳಲು ಬಿಡಬೇಕು. ಈ ಬರಹ ದಶಕಗಳ ಕಾಲ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. 2008ರಲ್ಲಿ ಕೆನಡಾದ ಕುಟುಂಬ ವೈದ್ಯ ಹೆನ್ರಿ ಚಾಪೆಸ್ಕಿ ಅದನ್ನು ಮತ್ತೆ ಮುನ್ನೆಲೆಗೆ ತಂದು, ಉಗುರು ಒಳಗೆ ಬೆಳೆದದ್ದೊ, ಚರ್ಮ ಅತಿಯಾಗಿ ಬೆಳೆದದ್ದೊ ಎಂದು ನೇರವಾಗಿ ಕೇಳಿದರು.

ಇವರ ಬೆನ್ನಿಗೆ ಇನ್ನೂ ಕೆಲವು ಸಾಕ್ಷಿಗಳಿವೆ. 1987ರಲ್ಲಿ ಬ್ರಿಟನ್ನಿನ ಪಿಯರ್‌ಸನ್ ಮತ್ತು ಸಂಗಡಿಗರು ರೋಗವಿದ್ದವರ ಉಗುರನ್ನೂ ಇಲ್ಲದವರ ಉಗುರನ್ನೂ ಅಳೆದು ನೋಡಿದರು. ಉಗುರಿನ ಆಕಾರದಲ್ಲಿ ದೋಷವೆನ್ನುವಂಥ ವ್ಯತ್ಯಾಸ ಸಿಗಲಿಲ್ಲ. ಎರಡನೆಯದು ಎಳೆಗೂಸುಗಳ ಸಾಕ್ಷಿ. ಕೆಲವು ಮಕ್ಕಳು ಹುಟ್ಟುವಾಗಲೇ ಹೆಬ್ಬೆರಳ ಪಕ್ಕದ ಮಡಿಕೆ ಉಬ್ಬಿ ಉಗುರನ್ನು ಮುಚ್ಚಿರುತ್ತದೆ. ಅವು ಬೂಟು ಕಂಡಿಲ್ಲ, ನೇಲ್ ಕಟರ್ ಕಂಡಿಲ್ಲ. ಬಹುತೇಕ ಮಕ್ಕಳಲ್ಲಿ ಅದು ತಾನಾಗಿ ತಗ್ಗುತ್ತದೆ. ಮೂರನೆಯದು ಔಷಧಾಲಯದಿಂದ ಬಂದ ಸಾಕ್ಷಿ. ಜೆಫಿಟಿನಿಬ್, ಎರ್ಲೊಟಿನಿಬ್‌ನಂಥ ಕ್ಯಾನ್ಸರ್ ಮಾತ್ರೆಗಳು, ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್, ಒಂದು ಕಾಲದಲ್ಲಿ ಎಚ್‌ಐವಿಗೆ ಕೊಡುತ್ತಿದ್ದ ಇಂಡಿನಾವಿರ್, ಇವುಗಳನ್ನು ತೆಗೆದುಕೊಂಡವರಲ್ಲಿ ಕೆಲವರಿಗೆ ಉಗುರಿನ ಪಕ್ಕದಲ್ಲಿ ಬಾವು, ದುರ್ಮಾಂಸ ಕಾಣಿಸಿಕೊಳ್ಳುತ್ತದೆ. ಮಾತ್ರೆಯಿಂದ ಉಗುರು ಅಗಲವಾಗುವುದಿಲ್ಲವಲ್ಲ. ಚರ್ಮವೇ ಬದಲಾಗಿರಬೇಕು.

ಮಾಂಸಪಕ್ಷದ ಬಲಹೀನತೆ ಬೇರೆ ಕಡೆ ಇದೆ. ಅಷ್ಟಗಲ ತೆರೆದ ಗಾಯ ಮಾಗಲು ಹಲವು ವಾರ ಬೇಕು. ರೋಗ ಮರಳಿಲ್ಲ ಎಂದು ಹೇಳುವ ವರದಿಗಳು ಹೆಚ್ಚಾಗಿ ಒಬ್ಬೊಬ್ಬ ವೈದ್ಯರು ತಮ್ಮ ರೋಗಿಗಳ ಬಗ್ಗೆ ಬರೆದ ಲೆಕ್ಕಗಳು. ಕೈ ಪಳಗಿದವರಿಗೆ ಸಿಗುವ ಫಲ ಎಲ್ಲರಿಗೂ ಸಿಕ್ಕೀತೆ ಎಂಬುದು ನ್ಯಾಯವಾದ ಸಂದೇಹ.

ಇದರ ಎದುರಿಗೆ ಉಗುರೇ ನಿಜವಾಗಿ ತಪ್ಪಿತಸ್ಥನಾದ ಒಂದು ಬಗೆಯೂ ಇದೆ. ಇಕ್ಕಳದ ಹಾಗೆ ಎರಡೂ ಅಂಚು ಒಳಬಾಗಿ ಮಾಂಸವನ್ನು ಕಚ್ಚುವ ಉಗುರು, ವಯಸ್ಸಾದವರಲ್ಲಿ ಹೆಚ್ಚು. ಜಪಾನಿನ ಸಂಶೋಧಕರು ಹಾಸಿಗೆ ಹಿಡಿದ ರೋಗಿಗಳ ಉಗುರು ಹೆಚ್ಚು ಬಾಗಿರುವುದನ್ನು ಗಮನಿಸಿ ಒಂದು ಸೊಗಸಾದ ವಿವರಣೆ ಕೊಟ್ಟರು. ಉಗುರಿಗೆ ತಾನಾಗಿ ಸುರುಳಿಯಾಗುವ ಗುಣವಿದೆ. ನಡೆಯುವಾಗ ನೆಲ ಕೊಡುವ ಒತ್ತಡ ಅದನ್ನು ಹರಡಿ ಚಪ್ಪಟೆ ಮಾಡುತ್ತದೆ. ನಡಿಗೆ ನಿಂತರೆ ಸುರುಳಿ ಗೆಲ್ಲುತ್ತದೆ. ವ್ಯಾಂಡನ್‌ಬಾಸ್ ಅಪರಾಧಿ ಎಂದ ಮೈಭಾರ ಇಲ್ಲಿ ಕಾಪಾಡುವ ಶಕ್ತಿ. ಇಬ್ಬರೂ ಸರಿಯಿದ್ದರೆ, ನಾವು ಒಂದೇ ಹೆಸರಿನಲ್ಲಿ ಕರೆಯುತ್ತಿರುವುದು ಎರಡು ಕಾಯಿಲೆಗಳನ್ನು. ನನಗೆ ಹೆಚ್ಚು ಒಪ್ಪಿಗೆಯಾಗುವುದು ಇದೇ.

ಬೂಟು, ಬ್ಲೇಡು, ಬೆವರು

ಮೂರನೆಯ ಗುಂಪಿನವರು ಉಗುರನ್ನೂ ಬಿಟ್ಟು, ಮಾಂಸವನ್ನೂ ಬಿಟ್ಟು, ಮನುಷ್ಯನ ಅಭ್ಯಾಸವನ್ನು ಹಿಡಿಯುತ್ತಾರೆ. ಈ ರೋಗ ಹೆಚ್ಚು ಕಾಡುವುದು ಹದಿಹರೆಯದವರನ್ನು, ಇಪ್ಪತ್ತರ ಆಸುಪಾಸಿನ ಹುಡುಗರನ್ನು. ಪಾದ ಬೆಳೆಯುತ್ತಿರುತ್ತದೆ, ಬೆವರುತ್ತದೆ, ಮೆತ್ತಗಾದ ಚರ್ಮವನ್ನು ಉಗುರು ಸುಲಭವಾಗಿ ಚುಚ್ಚುತ್ತದೆ. ಮುಂಭಾಗ ಕಿರಿದಾದ ಬೂಟು, ಫುಟ್‌ಬಾಲಿನ ಒದೆತ, ಎಡವಿದ ಪೆಟ್ಟು ಎಲ್ಲವೂ ಸೇರಿಕೊಳ್ಳುತ್ತವೆ. ಬರಿಗಾಲಿನ ಜನರಲ್ಲಿ ಇದು ಅಪರೂಪ ಎಂಬ ಮಾತು ವೈದ್ಯರ ಬರಹಗಳಲ್ಲಿ ಪದೇ ಪದೇ ಬರುತ್ತದೆ. ನಮ್ಮಲ್ಲಿ ಒಂದೆರಡು ತಲೆಮಾರಿನಲ್ಲೇ ಬರಿಗಾಲಿನಿಂದ ಹವಾಯಿ ಚಪ್ಪಲಿಗೆ, ಅಲ್ಲಿಂದ ಶೂಗೆ ಬಂದವರು ಲಕ್ಷಾಂತರ. ಸರ್ಕಾರಿ ಶಾಲೆಯ ಮಕ್ಕಳಿಗೂ ಶೂ, ಕಾಲುಚೀಲ ಬಂದಿದೆ. ಒಳ್ಳೆಯದೇ. ಆದರೆ ಜೂನ್‌ನಲ್ಲಿ ಸರಿಯಾಗಿದ್ದ ಶೂ ಬೆಳೆಯುವ ಹುಡುಗನಿಗೆ ಮಾರ್ಚ್‌ವರೆಗೂ ಸರಿಯಾಗಿರುತ್ತದೆಯೇ ಎಂದು ಒಮ್ಮೆ ಬೆರಳಿಟ್ಟು ನೋಡಬೇಕು.

ಉಗುರು ತೆಗೆಯುವುದಕ್ಕೆ ನಮ್ಮಲ್ಲಿ ಕಟ್ಟಳೆಗಳಿಗೇನು ಕಡಿಮೆಯಿಲ್ಲ. ಮುಸ್ಸಂಜೆಯಲ್ಲಿ ಬೇಡ, ಶುಕ್ರವಾರ ಬೇಡ, ಮನೆಯೊಳಗೆ ಬೇಡ. ಹೇಗೆ ತೆಗೆಯಬೇಕು ಎಂದು ಮಾತ್ರ ಯಾರೂ ಹೇಳಿಕೊಡಲಿಲ್ಲ. ನೇರವಾಗಿ ಕತ್ತರಿಸಿ, ಮೂಲೆಯನ್ನು ಚರ್ಮದಿಂದಾಚೆ ಉಳಿಸಿ ಎಂಬುದು ವೈದ್ಯರ ಸಲಹೆ. ಅದರ ಹಿಂದೆ ಇರುವುದು ಪ್ರಯೋಗದ ಬಲಕ್ಕಿಂತ ಅನುಭವದ ಬಲ, ಆದರೂ ಮೇಲೆ ಹೇಳಿದ ಮುಳ್ಳಿನ ಕಾರಣಕ್ಕೆ ಅದು ಮನಸ್ಸಿಗೆ ಒಪ್ಪುತ್ತದೆ. ಉಗುರಿನ ನಡುವೆ ‘ವಿ’ ಆಕಾರದಲ್ಲಿ ಕಚ್ಚು ಮಾಡಿದರೆ ಅಂಚುಗಳು ನಡುವಿಗೆ ಸರಿಯುತ್ತವೆ ಎಂಬ ನಂಬಿಕೆ ಮಾತ್ರ ಬರೇ ನಂಬಿಕೆ. ಉಗುರು ಬೆಳೆಯುವುದು ಬುಡದಿಂದ. ತುದಿಯಲ್ಲಿ ಮಾಡಿದ ಕಚ್ಚು ಬುಡಕ್ಕೆ ತಿಳಿಯುವುದಿಲ್ಲ.

ಕತ್ತಿ ಮುಟ್ಟದ ದಾರಿ

ಮೊದಲ ಹಂತದಲ್ಲಿ ಬಹಳ ಜನಕ್ಕೆ ಕತ್ತಿ ಬೇಕಾಗುವುದಿಲ್ಲ. ಬೆಚ್ಚನೆಯ ಉಪ್ಪುನೀರಿನಲ್ಲಿ ಕಾಲಿಟ್ಟು ಉಗುರು ಮೆತ್ತಗಾದ ಮೇಲೆ ಮೂಲೆಯ ಕೆಳಗೆ ಹತ್ತಿಯ ಎಳೆ ತೂರಿಸುವುದು ಒಂದು ದಾರಿ. ಅಂಟುಪಟ್ಟಿಯಿಂದ ಚರ್ಮವನ್ನು ಉಗುರಿನಿಂದ ಆಚೆಗೆಳೆದು ಕಟ್ಟುವುದು ಇನ್ನೊಂದು. ಡ್ರಿಪ್ ಹಾಕುವ ಪ್ಲಾಸ್ಟಿಕ್ ಕೊಳವೆಯ ಚಿಕ್ಕ ತುಂಡನ್ನು ಉದ್ದಕ್ಕೆ ಸೀಳಿ ಉಗುರಿನ ಅಂಚಿಗೆ ತೊಡಿಸುವ ಉಪಾಯ ನನಗೆ ಬಹಳ ಇಷ್ಟ. ದುಬಾರಿಯಿಲ್ಲ, ಉಗುರು ಹೋಗುವುದಿಲ್ಲ, ಚುಚ್ಚುವ ಅಂಚಿಗೆ ಒಂದು ಮೆತ್ತನೆಯ ಒರೆ ಸಿಕ್ಕಿದಂತೆ. ಹಲ್ಲಿಗೆ ತಂತಿ ಹಾಕುವ ಹಾಗೆ ಉಗುರಿಗೂ ತಂತಿ ಹಾಕಿ ನಿಧಾನವಾಗಿ ಬಾಗು ತೆಗೆಯುವ ವಿಧಾನವನ್ನು 1960ರ ದಶಕದಲ್ಲಿ ಬ್ರಿಟನ್ನಿನ ಫ್ರೇಸರ್ ರೂಪಿಸಿದರು. ಇಕ್ಕಳದಂಥ ಉಗುರಿಗೆ ಅದು ಹೆಚ್ಚು ಹೊಂದುತ್ತದೆ. ಇವೆಲ್ಲಕ್ಕೂ ತಾಳ್ಮೆ ಬೇಕು. ತಿಂಗಳಿಗೆ ಒಂದೂವರೆ ಮಿಲಿಮೀಟರ್ ಬೆಳೆಯುವ ಉಗುರು ನಮ್ಮ ಅವಸರಕ್ಕೆ ಬಗ್ಗುವುದಿಲ್ಲ.

ನಮ್ಮಲ್ಲಿ ಮೊದಲು ಕೈಗೆ ಬರುವುದು ಆಂಟಿಬಯಾಟಿಕ್ ಮಾತ್ರೆ. ಮುಳ್ಳು ಒಳಗಿಟ್ಟುಕೊಂಡು ಮಾತ್ರೆ ನುಂಗಿದರೆ ಕೆಂಪು ಒಂದಿಷ್ಟು ಇಳಿದು ಮತ್ತೆ ಏರುತ್ತದೆ. 2000ದಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗ, ಸೋಂಕು ಬೆರಳಿಗಷ್ಟೇ ಸೀಮಿತವಾಗಿರುವಾಗ ಉಗುರಿನ ಅಂಚು ತೆಗೆದರೆ ಸಾಕು, ಮಾತ್ರೆಯಿಂದ ಹೆಚ್ಚಿನ ಲಾಭವಿಲ್ಲ ಎಂದು ತೋರಿಸಿತು. ಕಾಕ್ರೇನ್ ಸಮೀಕ್ಷೆಗೂ ಶಸ್ತ್ರಚಿಕಿತ್ಸೆಯ ನಂತರ ಆಂಟಿಬಯಾಟಿಕ್ಕಿನಿಂದಾಗಲಿ, ಬಗೆಬಗೆಯ ಡ್ರೆಸ್ಸಿಂಗಿನಿಂದಾಗಲಿ ಸೋಂಕು ತಗ್ಗಿದ್ದು ಕಾಣಲಿಲ್ಲ.

ಸಕ್ಕರೆ ಕಾಯಿಲೆಯವರ ವಿಷಯ ಬೇರೆ. ಅವರ ಕಾಲಿಗೆ ಸ್ಪರ್ಶ ಕಡಿಮೆ, ರಕ್ತಸಂಚಾರವೂ ಕಡಿಮೆಯಿರಬಹುದು. ನೋವೇ ಗೊತ್ತಾಗದೆ ಕೀವು ಮೂಳೆ ಮುಟ್ಟಿದ ಪ್ರಸಂಗಗಳಿವೆ. ಬ್ಲೇಡಿನಲ್ಲಿ ತಾವೇ ಕೊರೆಯುವುದು, ಬಿಸಿನೀರಿನ ಕಾವು ತಿಳಿಯದೆ ಕಾಲಿಡುವುದು ಅವರಿಗೆ ಸಲ್ಲದು. ಮೊದಲು ಪಾದದ ನಾಡಿ ನೋಡಿಸಿ, ಆಮೇಲೆ ಉಗುರಿನ ಮಾತು. ಇನ್ನೊಂದು ಎಚ್ಚರವೂ ಬೇಕು. ತಿಂಗಳುಗಟ್ಟಲೆ ಮಾಯದ ದುರ್ಮಾಂಸದ ವೇಷದಲ್ಲಿ ಚರ್ಮದ ಕ್ಯಾನ್ಸರ್ ಅಡಗಿರಬಹುದು, ಉಗುರಿನ ಕೆಳಗೆ ಮೂಳೆಯ ಮೊಳಕೆ ಎದ್ದಿರಬಹುದು. ಅಂಥಲ್ಲಿ ಎಕ್ಸ್‌ರೇ, ಬಯಾಪ್ಸಿ ಇಲ್ಲದೆ ಕಿತ್ತುಹಾಕುವುದು ತಪ್ಪು.

ಇನ್ನೂ ತೀರದ ಲೆಕ್ಕ

ಫೀನಾಲ್ ಗೆದ್ದಿತು ಎಂದರೆ ಉಗುರಿನ ಮೇಲಿನ ಆರೋಪ ಸಾಬೀತಾಯಿತು ಎಂದಲ್ಲ. ಗೋಡೆ ವಾಲಿ ಬಾಗಿಲು ಹಾಕಲಾಗದಿದ್ದರೆ ಬಾಗಿಲನ್ನು ಹೆರೆದರೂ ಸರಿಹೋಗುತ್ತದೆ. ಬಾಗಿಲೇ ತಪ್ಪಾಗಿತ್ತು ಎಂದು ಅದರಿಂದ ಸಿದ್ಧವಾಗುವುದಿಲ್ಲ. ಉಗುರಿನ ಅಂಚು ಹೆರೆಯುವುದನ್ನೂ ಮಾಂಸ ಕೊಯ್ಯುವುದನ್ನೂ ಒಂದೇ ಬಗೆಯ ರೋಗಿಗಳಲ್ಲಿ ಚೀಟಿ ಎತ್ತಿ ಹಂಚಿ, ಹತ್ತು ವರ್ಷ ಕಾದು ನೋಡಿದರೆ ಉತ್ತರಕ್ಕೆ ಹತ್ತಿರವಾದೇವು. ಈಗಿರುವ ಪ್ರಯೋಗಗಳಲ್ಲಿ ಹೆಚ್ಚಿನವು ವರ್ಷದ ಆಸುಪಾಸಿಗೇ ಮುಗಿಯುತ್ತವೆ. ಉಗುರು ಒಂದು ಸುತ್ತು ಬೆಳೆಯುವುದಕ್ಕೇ ಅಷ್ಟು ಕಾಲ ಬೇಕು. ಮರುಕಳಿಕೆ ಎಂದರೆ ಏನು ಎಂಬುದರಲ್ಲೂ ಒಮ್ಮತವಿಲ್ಲ. ಒಬ್ಬರಿಗೆ ಉಗುರಿನ ಚೂರು ಮತ್ತೆ ಕಂಡರೆ ಸಾಕು, ಇನ್ನೊಬ್ಬರಿಗೆ ನೋವು ಬಂದಾಗ ಮಾತ್ರ ಲೆಕ್ಕ.

ಇಕ್ಕಳದ ಉಗುರನ್ನೂ ಹದಿಹರೆಯದ ಊದಿದ ಬೆರಳನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ ಎಣಿಸಿದ ಅಧ್ಯಯನಗಳನ್ನು ಈಗ ಬಿಡಿಸಿ ಓದುವುದು ಹೇಗೆ? ಎಳೆಗೂಸಿನ ಮಡಿಕೆ ತಾನಾಗಿ ತಗ್ಗುವುದಾದರೆ, ಹದಿನಾರರ ಹುಡುಗನಿಗೂ ಕಾಲು ಬೆಳೆದು ನಿಲ್ಲುವವರೆಗೆ ಕೊಳವೆಯ ತುಂಡಿನಲ್ಲಿ ಕಾಲ ತಳ್ಳಬಹುದೆ, ತಳ್ಳಿದರೆ ಎಷ್ಟು ಕಾಲ? ನನ್ನ ಬಲಗಾಲಿನ ಉಗುರಿಗೆ ಎರಡನೆಯ ಸಲ ಫೀನಾಲ್ ಬಿತ್ತು. ಅದು ಕಿರಿದಾಗಿ, ತೆಪ್ಪಗೆ ಕೂತಿದೆ. ಎಡಗಾಲಿನದಕ್ಕೆ ಯಾರೂ ಏನೂ ಮಾಡಲಿಲ್ಲ. ಅಗಲ ಚಪ್ಪಲಿ ಹಾಕಿದ ಮೇಲೆ ಅದೂ ತೆಪ್ಪಗಿದೆ.